ಕಂಬಿಯ ಹಿಂದಿನಿಂದ ಬರುವ ಲಕೋಟೆ



ಅಂಚೆಯವನು ನಿಮ್ಮ ಕೈಗಿತ್ತ ಲಕೋಟೆ ಮೊದಲೇ ಒಡೆದಿದ್ದರೆ ನಿಮಗೇನೆನಿಸುತ್ತದೆ? ಒಳಗಿನ ಕಾಗದ ಹರಿದಿಲ್ಲ, ಒಂದಕ್ಷರವೂ ಅಳಿಸಿಲ್ಲ. ಆದರೂ ಯಾರೋ ಅಪರಿಚಿತರು ನಿಮಗಿಂತ ಮೊದಲು ಅದನ್ನು ಓದಿದ್ದಾರೆಂಬ ಅರಿವು ಮನಸ್ಸನ್ನು ಕಲಕುತ್ತದೆ. ಮಗಳು ಗಂಡನ ಮನೆಯ ಕಷ್ಟವನ್ನು ತೋಡಿಕೊಂಡಿರಬಹುದು, ತಮ್ಮ ಸಾಲದ ವಿಷಯ ಬರೆದಿರಬಹುದು. ಅವರು ಬರೆದದ್ದು ನಿಮ್ಮನ್ನು ನಂಬಿ, ದಾರಿಯಲ್ಲಿ ಸಿಕ್ಕವರನ್ನು ನಂಬಿ ಅಲ್ಲ.

ಸಕಲೇಶಪುರ, ಆಲೂರು ಸೀಮೆಯ ನಮಗೆ ಪತ್ರದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಬೈಲುಗಳು ಬರುವ ಮುನ್ನ ಆಷಾಢದ ಮಳೆಯಲ್ಲಿ ತೋಟದ ಲೈನ್ ಮನೆಗಳಿಗೆ ಕಾಗದ ತಲುಪುವುದೇ ಒಂದು ಸಾಹಸವಾಗಿತ್ತು. ಅಕ್ಷರ ಬಾರದ ತಾಯಂದಿರು ಬಂದ ಕಾಗದವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಭಾನುವಾರದ ಬಲಿಪೂಜೆ ಮುಗಿಯುವ ತನಕ ಕಾದು, ತಮಗೆ ನಂಬಿಕೆಯಿದ್ದವರ ಕೈಯಲ್ಲಿ ಓದಿಸಿಕೊಳ್ಳುತ್ತಿದ್ದರು. ಸಿಕ್ಕಸಿಕ್ಕವರ ಕೈಯಲ್ಲಿ ಓದಿಸುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಓದು ಬಾರದಿದ್ದರೂ ತಮ್ಮ ಮನೆಯ ಗುಟ್ಟು ಯಾರ ಬಳಿ ಇರಬೇಕೆಂಬುದನ್ನು ನಿರ್ಧರಿಸುವವರು ತಾವೇ ಎಂಬ ಅರಿವು ಅವರಿಗಿತ್ತು.

ಈ ಹಕ್ಕು ಜೈಲಿನ ಹೆಬ್ಬಾಗಿಲ ಬಳಿ ಮುಗಿದುಹೋಗುತ್ತದೆಯೇ? ಬಂಧನದಲ್ಲಿರುವ ಒಬ್ಬ ಮನುಷ್ಯ ತನ್ನ ವಕೀಲರಿಗೆ ಬರೆಯುವ ಪತ್ರವನ್ನು ಯಾರು ಬೇಕಾದರೂ ಓದಬಹುದೇ? ಈ ತಿಂಗಳು ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆನಿಸಿತು. "ಇದು ನಮಗೆ ಸಂಬಂಧಿಸಿದ್ದಲ್ಲ" ಎಂದು ಪುಟ ತಿರುವಬೇಡಿ. ಸೆರೆಯಲ್ಲಿರುವವರನ್ನು ನೋಡಲು ಹೋದೆವೋ ಇಲ್ಲವೋ ಎಂಬುದನ್ನು ಕೊನೆಯ ತೀರ್ಪಿನ ದಿನದ ಪ್ರಶ್ನೆಗಳಲ್ಲೊಂದಾಗಿ ಯೇಸುಸ್ವಾಮಿ ಮುಂದಿಟ್ಟಿರುವಾಗ, ಜೈಲಿನ ವಿಷಯ ನಮ್ಮದಲ್ಲ ಎನ್ನಲು ನಮಗೆ ಬರುವುದಿಲ್ಲ.

ಬೆಂಗಳೂರಿನ ಜೈಲಿನಿಂದ ಹೊರಟ ಒಂದು ಪತ್ರ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಈಗ ಸ್ವಾತಂತ್ರ್ಯ ಉದ್ಯಾನವಿದೆ. ಹಿಂದೆ ಅದೇ ಕೇಂದ್ರ ಕಾರಾಗೃಹವಾಗಿತ್ತು. ಕಾರಾಗೃಹವು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. 1984ರಲ್ಲಿ ಆ ಹಳೆಯ ಜೈಲಿನಲ್ಲಿದ್ದ ರಾಮಮೂರ್ತಿ ಎಂಬ ಕೈದಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ದುಡಿಸಿಕೊಂಡರೂ ನ್ಯಾಯವಾದ ಕೂಲಿ ಕೊಡುತ್ತಿಲ್ಲ, ಊಟ ತಿನ್ನುವಂತಿಲ್ಲ, ಕಿರುಕುಳವಿದೆ ಎಂಬುದು ಅದರ ಸಾರ. ಸರ್ವೋಚ್ಚ ನ್ಯಾಯಾಲಯ ಆ ಕಾಗದವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳುಹಿಸಿ ವರದಿ ತರಿಸಿಕೊಂಡಿತು. 1996ರ ಡಿಸೆಂಬರ್ 23ರಂದು ಬಂದ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪು ದೇಶದ ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಹೆಸರಿಸಿತು. ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ ಮುಂತಾದವುಗಳ ಸಾಲಿನಲ್ಲಿ ಹೊರಜಗತ್ತಿನೊಡನೆ ಸಂಪರ್ಕದ ಕೊರತೆಯೂ ಸೇರಿತ್ತು. ಭೇಟಿಗಳಿಗೆ ಮಿತಿ ಹಾಕುವುದರಲ್ಲಿ ಏನಾದರೂ ಅರ್ಥವಿದ್ದೀತು, ಆದರೆ ಅಂಚೆಯ ಮೂಲಕ ಸಂಪರ್ಕಿಸುವ ಸುಲಭ ಸೌಲಭ್ಯವನ್ನು ಕೈದಿಗೆ ನಿರಾಕರಿಸಲು ಒಪ್ಪುವಂಥ ಕಾರಣವೇ ಕಾಣುವುದಿಲ್ಲ ಎಂಬ ಅಭಿಪ್ರಾಯವನ್ನು ನ್ಯಾಯಾಲಯ ವ್ಯಕ್ತಪಡಿಸಿತು. ಎಲ್ಲ ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡುವ ವಿಷಯವನ್ನು ಮತ್ತೊಮ್ಮೆ ಪರಿಶೀಲಿಸುವಂತೆಯೂ ಹೇಳಿತು.

ಪತ್ರ ಬರೆದು ತೀರ್ಪು ಬರುವಷ್ಟರಲ್ಲಿ ಹನ್ನೆರಡು ವರ್ಷಗಳು ಕಳೆದಿದ್ದವು. ಆದರೂ ಒಂದು ಮಾತನ್ನು ಯೋಚಿಸಿ. ಅಧಿಕಾರಿಗಳ ಮೇಲೆಯೇ ದೂರು ಹೊತ್ತ ಆ ಕಾಗದ ಜೈಲಿನ ಮೇಜಿನ ಮೇಲೆಯೇ ಉಳಿದುಬಿಟ್ಟಿದ್ದರೆ? ಇಡೀ ದೇಶದ ಜೈಲುಗಳ ಕುರಿತಾದ ಆ ತೀರ್ಪು ಹುಟ್ಟುತ್ತಲೇ ಇರಲಿಲ್ಲ.

ಇಂಥದೇ ಇನ್ನೊಂದು ಪತ್ರ ಅದಕ್ಕೂ ಮುಂಚೆ ದೆಹಲಿಯ ತಿಹಾರ್ ಜೈಲಿನಿಂದ ಹೊರಟಿತ್ತು. ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ತನಗಾಗಿ ಅಲ್ಲ, ವಾರ್ಡರನೊಬ್ಬನಿಂದ ಚಿತ್ರಹಿಂಸೆಗೊಳಗಾದ ಜೊತೆ ಕೈದಿಗಾಗಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಬರೆದಿದ್ದರು. 1979ರ ಡಿಸೆಂಬರ್ 20ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ಎರಡು ಮುಖ್ಯ ಸೂಚನೆಗಳನ್ನು ಕೊಟ್ಟಿತು. ಒಂದು, ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸೆಷನ್ಸ್ ನ್ಯಾಯಾಧೀಶರ ಅಧೀನದಲ್ಲಿ ಪ್ರತಿ ಜೈಲಿನಲ್ಲೂ ಅಹವಾಲು ಪೆಟ್ಟಿಗೆಗಳಿರಬೇಕು, ಎಲ್ಲ ಕೈದಿಗಳಿಗೂ ಅವು ಕೈಗೆಟುಕಬೇಕು. ಇನ್ನೊಂದು, ನ್ಯಾಯಾಲಯಗಳು ಮತ್ತು ಜಿಲ್ಲಾ ಮ್ಯಾಜಿಸ್ಟ್ರೇಟರು ನೇಮಿಸಿದ ವಕೀಲರಿಗೆ ಕೈದಿಗಳನ್ನು ಭೇಟಿಮಾಡಲು ಮತ್ತು ಅವರೊಡನೆ ಗೌಪ್ಯವಾಗಿ ವ್ಯವಹರಿಸಲು, ಜೈಲಿನ ಶಿಸ್ತು ಮತ್ತು ಭದ್ರತೆಗೆ ಒಳಪಟ್ಟು, ಎಲ್ಲ ಸೌಲಭ್ಯ ದೊರೆಯಬೇಕು. 'ಗೌಪ್ಯವಾಗಿ' ಎಂಬ ಆ ಪದವನ್ನು ನಾವು ನೆನಪಿನಲ್ಲಿಡಬೇಕು.

ಬರೆಯಲಾಗದ ಒಂದು ಸಾಲು

ಈ ಪದದ ತೂಕ ನನಗೆ ಅರಿವಾದದ್ದು ಕಾನೂನಿನ ಪುಸ್ತಕಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ತೋಟವೊಂದರ ಗೋದಾಮಿನಿಂದ ರಾತ್ರೋರಾತ್ರಿ ಕರಿಮೆಣಸಿನ ಮೂಟೆಗಳು ಕಳುವಾದವು. ಮೆಣಸಿಗೆ ಬೆಲೆಯಿದ್ದ ಕಾಲ. ಅಲ್ಲಿ ಕೆಲಸಕ್ಕಿದ್ದ ಮೂವರನ್ನು ಬಂಧಿಸಲಾಯಿತು. ಅವರಲ್ಲೊಬ್ಬ ನಮ್ಮ ಧರ್ಮಕೇಂದ್ರದ ಕುಟುಂಬದ ಹುಡುಗ. ಅವನ ಹೆಸರು, ಊರು, ಅವನಿದ್ದ ಜೈಲು ಇಲ್ಲಿ ಬೇಡ. ತಾಯಿ ವಿಧವೆ. ಲೈನ್ ಮನೆಯಲ್ಲಿ ವಾಸ, ಹಣ್ಣು ಕುಯ್ಯುವ ಕೆಲಸ. ಜಾಮೀನಿಗೆ ಪಹಣಿ ತಂದು ನಿಲ್ಲುವ ಬಂಧುಗಳು ಅವರಿಗಿರಲಿಲ್ಲ. ಅಲ್ಲಲ್ಲಿ ಕೂಡಿಸಿದ ಹಣದಿಂದ ವಕೀಲರೊಬ್ಬರನ್ನು ಗೊತ್ತುಮಾಡಿದರು. ಮಗನಿಂದ ಬಂದ ಕಾಗದಗಳನ್ನು ಆ ತಾಯಿಗೆ ಓದಿ ಹೇಳುವ, ಅವರು ಹೇಳಿದ್ದನ್ನು ಬರೆದು ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಗದಗಳೆಲ್ಲವೂ ತೆರೆದೇ ಬರುತ್ತಿದ್ದವು. ಮೇಲೊಂದು ಮೊಹರು, ಒಂದು ಸಹಿ. "ಅಮ್ಮಾ, ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ" ಎಂಬುದಕ್ಕಿಂತ ಹೆಚ್ಚೇನೂ ಅವುಗಳಲ್ಲಿರುತ್ತಿರಲಿಲ್ಲ. ಆ ರಾತ್ರಿ ಎಲ್ಲಿದ್ದೆ ಎಂದು ವಕೀಲರು ಬರೆದು ಕೇಳಿದ್ದರು. ಅವರಿಗೆ ಬಂದ ಉತ್ತರವೂ ಒಂದೇ ಸಾಲಿನದು: ಆ ರಾತ್ರಿ ತೋಟದಲ್ಲಿರಲಿಲ್ಲ. ಎಲ್ಲಿದ್ದೆ, ಯಾರೊಡನೆ ಇದ್ದೆ ಎಂಬುದಿಲ್ಲ. ಮಗ ಏನನ್ನೋ ಮುಚ್ಚಿಡುತ್ತಿದ್ದಾನೆಂದು ವಕೀಲರಿಗೆ ಸಂಶಯ ಬಂತು. ತಾಯಿಗೂ ಒಳಗೊಳಗೇ ಅಳುಕು ಹುಟ್ಟಿತು. ಭೇಟಿಗೆ ಹೋದಾಗ ಜಾಲರಿಯ ಆಚೆ ಹತ್ತು ಜನ, ಈಚೆ ಹತ್ತು ಜನ ನಿಂತು ಕೂಗುವ ಗದ್ದಲದಲ್ಲಿ ಗುಟ್ಟಿನ ಮಾತಿಗೆ ಎಡೆಯೆಲ್ಲಿ?

ಏಳು ತಿಂಗಳಾದ ಮೇಲೆ ಕಾನೂನು ನೆರವಿನ ಮೂಲಕ ನೇಮಕಗೊಂಡ ಯುವ ವಕೀಲೆಯೊಬ್ಬರು ಜೈಲಿಗೆ ಹೋದರು. ಸಿಬ್ಬಂದಿ ದೂರದಲ್ಲಿ ಕಾಣುವಂತೆ ನಿಂತಿದ್ದರು, ಆದರೆ ಅವರಿಗೆ ಮಾತು ಕೇಳುವಂತಿರಲಿಲ್ಲ. ಅರ್ಧ ಗಂಟೆಯೊಳಗೆ ಹುಡುಗ ಎಲ್ಲವನ್ನೂ ಹೇಳಿದ. ಜೊತೆ ಕೆಲಸಗಾರನೊಬ್ಬನ ಹೆಂಡತಿಗೆ ಆ ರಾತ್ರಿ ಹೆರಿಗೆ ನೋವು ಬಂದಿತ್ತು. ಇಬ್ಬರೂ ಸೇರಿ ತೋಟದ ಪಿಕಪ್ ವಾಹನವನ್ನು ಯಾರಿಗೂ ಹೇಳದೆ ತೆಗೆದುಕೊಂಡು ಆಕೆಯನ್ನು ಆಸ್ಪತ್ರೆಗೆ ಸೇರಿಸಿ, ಬೆಳಗಾಗುವ ಮುನ್ನ ವಾಹನವನ್ನು ತಂದು ನಿಲ್ಲಿಸಿದ್ದರು. ಈ ಸಂಗತಿಯನ್ನು ಕಾಗದದಲ್ಲಿ ಬರೆದರೆ ಅದನ್ನು ಜೈಲಿನಲ್ಲಿ ಓದುತ್ತಾರೆ, ಬಾಯಿಂದ ಬಾಯಿಗೆ ಹೋಗಿ ವಕೀಲರಿಗಿಂತ ಮೊದಲು ತೋಟದ ರೈಟರ್ ಕಿವಿಗೆ ಬೀಳುತ್ತದೆ, ಹಸುಗೂಸಿನೊಡನೆ ಆ ಸಂಸಾರ ಕೆಲಸವನ್ನೂ ಲೈನ್ ಮನೆಯನ್ನೂ ಕಳೆದುಕೊಳ್ಳುತ್ತದೆ ಎಂಬುದು ಹುಡುಗನ ಭಯ. ಆ ಜೊತೆಗಾರನೂ ಅದೇ ಭಯದಿಂದ ಬಾಯಿ ಬಿಟ್ಟಿರಲಿಲ್ಲ.

ವಕೀಲೆ ಮೊದಲು ಆ ಕೆಲಸಗಾರನನ್ನು ಕಂಡು ಮಾತಾಡಿದರು. ಒಪ್ಪಿಗೆ ಅವನದಾಗಿರಬೇಕೆಂದು ಸಮಯ ಕೊಟ್ಟರು. ಅವನು ತಾನಾಗಿ ಸಾಹುಕಾರರ ಬಳಿಗೆ ಹೋಗಿ ನಡೆದದ್ದನ್ನು ಹೇಳಿದ. ಅವರು ಗದರಿದರೇ ಹೊರತು ಮನೆ ಬಿಡಿಸಲಿಲ್ಲ. ಆಸ್ಪತ್ರೆಯ ದಾಖಲೆ ನ್ಯಾಯಾಲಯದ ಮುಂದೆ ಬಂತು, ಹುಡುಗನಿಗೆ ಜಾಮೀನು ಸಿಕ್ಕಿತು.

ಅವನ ಕಾಗದವನ್ನು ಓದಿದ ಅಧಿಕಾರಿ ಕೆಟ್ಟವರೆಂದು ನಾನು ಹೇಳುವುದಿಲ್ಲ. ಬಹುಶಃ ಅವರು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಆದರೆ ಓದಲ್ಪಡುತ್ತದೆ ಎಂಬ ಅರಿವೇ ಕೈಯನ್ನು ಕಟ್ಟಿಹಾಕಲು ಸಾಕು. ಮೊಹರು ಬಿದ್ದದ್ದು ಬರೆದ ಸಾಲುಗಳ ಮೇಲೆ, ಏಳು ತಿಂಗಳ ಬೆಲೆ ತೆತ್ತದ್ದು ಬರೆಯದೆ ಉಳಿದ ಸಾಲಿಗಾಗಿ. ವಕೀಲರೊಡನೆ ಗುಟ್ಟಾಗಿ ಮಾತಾಡುವ ಹಕ್ಕು ಕೈದಿಯೊಬ್ಬನನ್ನಷ್ಟೇ ಅಲ್ಲ, ಅವನ ಮಾತಿನಲ್ಲಿ ಬರುವ ನಿರಪರಾಧಿಗಳನ್ನೂ ಕಾಯುತ್ತದೆ ಎಂಬುದನ್ನು ನಾನು ಅಂದು ಕಂಡುಕೊಂಡೆ.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದಲ್ಲಿ 'ವಕೀಲರಿಗೆ ಬರೆದ ಪತ್ರ' ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ಆದರೆ ಬಂಧಿತನಾದ ಯಾರಿಗೂ ತಾನು ಆರಿಸಿಕೊಂಡ ವಕೀಲರೊಡನೆ ಸಮಾಲೋಚಿಸುವ ಮತ್ತು ಅವರ ಮೂಲಕ ವಾದಿಸುವ ಹಕ್ಕನ್ನು ನಿರಾಕರಿಸುವಂತಿಲ್ಲವೆಂದು 22ನೇ ವಿಧಿಯ ಮೊದಲನೆಯ ಉಪವಿಧಿ ವಿಧಿಸುತ್ತದೆ. ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು 20ನೇ ವಿಧಿ ಹೇಳುತ್ತದೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು 21ನೇ ವಿಧಿ ಕಾಯುತ್ತದೆ. 1976ರಲ್ಲಿ ಸೇರಿದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿದೆ. ಮೂರನೆಯವರು ಕೇಳುತ್ತಿರುವಾಗ ಆಡುವ ಮಾತನ್ನು ಸಮಾಲೋಚನೆ ಎನ್ನಬಹುದೇ? ವೈದ್ಯರ ಮುಂದೆ ರೋಗವನ್ನು ಮರೆಮಾಚಿದರೆ ಔಷಧಿ ಸಿಗದು, ವಕೀಲರ ಮುಂದೆ ನಿಜವನ್ನು ಮರೆಮಾಚಿದರೆ ನ್ಯಾಯ ಸಿಗದು.

ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣಹೋದರೂ ಹೊರಗೆಡಹುವಂತಿಲ್ಲವೆಂದು ನಾವು ಬಲ್ಲೆವು. ವಕೀಲರ ಗುಟ್ಟು ಆ ಪವಿತ್ರ ಗುಟ್ಟಿಗೆ ಸಮನಲ್ಲ. ಅಪರಾಧವೆಸಗಲು ನೆರವು ಕೇಳಿ ಬರೆದರೆ ಕಾನೂನಿನ ರಕ್ಷಣೆ ಅದಕ್ಕಿಲ್ಲ. ಉಳಿದಂತೆ ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಉಳಿಸಿಕೊಂಡಿದೆ. ಬ್ರಿಟಿಷರು ರಚಿಸಿದ 1894ರ ಕಾರಾಗೃಹ ಕಾಯಿದೆಯ 40ನೇ ಪ್ರಕರಣ ಕೂಡ, ನ್ಯಾಯದ ಹಿತಕ್ಕೆ ಧಕ್ಕೆಯಾಗದ ಮಟ್ಟಿಗೆ, ವಿಚಾರಣಾಧೀನ ಕೈದಿ ತನ್ನ ವಕೀಲರನ್ನು ಬೇರೆ ಯಾರೂ ಇಲ್ಲದೆ ಕಾಣಲು ಅವಕಾಶವಿರಬೇಕೆಂದಿತ್ತು.

1981ರ ಫ್ರಾನ್ಸಿಸ್ ಕೊರಾಲಿ ಮಲಿನ್ ಪ್ರಕರಣ ಈ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸಿತು. ತಿಹಾರ್ ಜೈಲಿನಲ್ಲಿ ಮುಂಜಾಗ್ರತಾ ಬಂಧನದಲ್ಲಿದ್ದ ಬ್ರಿಟಿಷ್ ಮಹಿಳೆಯೊಬ್ಬರು ತಮ್ಮ ವಕೀಲರನ್ನು ಕಾಣಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕಾಗಿತ್ತು, ಸುಂಕ ಇಲಾಖೆಯ ಅಧಿಕಾರಿಯೂ ಹಾಜರಿರಬೇಕಾಗಿತ್ತು. ಸರ್ವೋಚ್ಚ ನ್ಯಾಯಾಲಯ ಆ ನಿರ್ಬಂಧಗಳನ್ನು ತಳ್ಳಿಹಾಕಿತು. ಅಧಿಕಾರಿ ಬೇಕಾದರೆ ನೋಡುತ್ತಿರಲಿ, ಆದರೆ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಇರಬಾರದು ಎಂದಿತು.

ಒಳಗೆ ಬರುವ ಕಾಗದದ ಕಥೆಯೂ ಇದೆ, ಅದಕ್ಕೆ ನಮ್ಮ ಧಾರವಾಡದ ನಂಟೂ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಪದವಿಪತ್ರಗಳನ್ನು ತಯಾರಿಸಲು ಯತ್ನಿಸಿದ ಪ್ರಕರಣದಲ್ಲಿ ಹೊಸ್ಕೋಟ್ ಎಂಬ ಅಧ್ಯಾಪಕರಿಗೆ ಮುಂಬಯಿ ಉಚ್ಚ ನ್ಯಾಯಾಲಯ 1973ರಲ್ಲಿ ಶಿಕ್ಷೆ ವಿಧಿಸಿತು. ತೀರ್ಪಿನ ಪ್ರತಿಯನ್ನು ಪುಣೆಯ ಯೆರವಡಾ ಜೈಲಿನ ಅಧೀಕ್ಷಕರಿಗೆ ಕಳುಹಿಸಲಾಗಿತ್ತು. ಅದು ತಮಗೆ ತಲುಪಲೇ ಇಲ್ಲವೆಂದು ಕೈದಿ ಹೇಳಿದರು. ತಲುಪಿತೆನ್ನಲು ಅವರ ಸಹಿಯಿರಲಿಲ್ಲ. ಮೇಲ್ಮನವಿ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಯಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮನವಿಯನ್ನು ತಿರಸ್ಕರಿಸಿದರೂ, ಮುಂದಿನವರಿಗಾಗಿ ನಿಯಮವನ್ನು ಹಾಕಿಕೊಟ್ಟಿತು: ತೀರ್ಪಿನ ಪ್ರತಿಯನ್ನು ಕೈದಿಗೆ ಉಚಿತವಾಗಿ ಕೊಡಬೇಕು, ಜೈಲಿಗೆ ಬಂದ ಪ್ರತಿಯನ್ನು ಕೈದಿಯ ಕೈಗೆ ತಲುಪಿಸಿ ಲಿಖಿತ ಸ್ವೀಕೃತಿ ಪಡೆಯಬೇಕು. ಒಂದು ಸಹಿಯಿಲ್ಲದ ಕಾಗದ ಎಷ್ಟು ದೊಡ್ಡ ಪಾಠವಾಯಿತು ನೋಡಿ.

ಹಾಗೆಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿಯನ್ನು ಸಲ್ಲಿಸಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಜೈಲಿನ ಗೋಡೆಯೊಳಗೆ ಈ ಹಕ್ಕು ಕಿರಿದಾಗಬಹುದು, ಇಲ್ಲವಾಗದು.

ಇಷ್ಟಿದ್ದರೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಎದುರುಬದುರು ಭೇಟಿಯ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ, ಅಂಚೆಯಲ್ಲಿ ಹೋಗುವ ಪತ್ರದ ವಿಷಯದಲ್ಲಿ ಅಷ್ಟು ಸ್ಪಷ್ಟತೆ ಇಲ್ಲ. ಕೈದಿಗಳ ಪತ್ರಗಳನ್ನು ಅಧಿಕಾರಿ ನೋಡಿ ಕಳುಹಿಸುವುದು ಜೈಲಿನ ಸಾಮಾನ್ಯ ಪದ್ಧತಿ. ವಿಚಾರಣಾಧೀನ ಕೈದಿ ತನ್ನ ವಕೀಲರಿಗಾಗಿ ಬರೆದ ಗೌಪ್ಯ ಸೂಚನೆಗಳನ್ನು ಅಧಿಕಾರಿ ಪರಿಶೀಲಿಸದೆ ವಕೀಲರ ಕೈಗೇ ಕೊಡಬಹುದೆಂಬ ವಿನಾಯಿತಿ ಜೈಲು ಕೈಪಿಡಿಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಕೈಯಿಂದ ಕೈಗೆ ಕೊಡಲು ವಕೀಲರು ಎದುರಿಗೆ ಬರಬೇಕಲ್ಲ? ಮಲೆನಾಡಿನ ಮೂಲೆಯ ಬಡವನ ವಕೀಲರು ದಿನವೂ ಒಂದು ಕೋರ್ಟಿನಿಂದ ಇನ್ನೊಂದು ಕೋರ್ಟಿಗೆ ಓಡುತ್ತಿರುತ್ತಾರೆ. ಅಂಥವನಿಗೆ ಉಳಿಯುವುದು ಅಂಚೆಯೊಂದೇ.

ಎದುರು ಮಾತುಗಳು

"ಕಳ್ಳನಿಗೆ ಗುಟ್ಟೇಕೆ? ನಮ್ಮ ವರ್ಷದ ದುಡಿಮೆ ಹೋದದ್ದನ್ನು ಕೇಳುವವರು ಯಾರು?" ಎಂದು ತೋಟದ ಮಾಲೀಕರೊಬ್ಬರು ನನ್ನನ್ನು ಕೇಳಿದ್ದುಂಟು. ಅವರ ನೋವು ನಿಜವಾದದ್ದು. ಬಳ್ಳಿ ನೆಟ್ಟು, ರೋಗದಿಂದ ಕಾಪಾಡಿ, ಕುಯ್ಯಿಸಿ ಒಣಗಿಸಿದ ಮೆಣಸು ಒಂದೇ ರಾತ್ರಿಯಲ್ಲಿ ಮಾಯವಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಬಂಧಿತರೆಲ್ಲರೂ ಕಳ್ಳರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರೇ ಆಗಿದ್ದರೆಂದು ಸರ್ಕಾರದ ಅಂಕಿ ಅಂಶಗಳೇ ಹೇಳುತ್ತವೆ. ನಿಜವಾದ ಕಳ್ಳ ಸಿಗಬೇಕಾದರೂ ಸಿಕ್ಕಿಬಿದ್ದವನು ನಿರ್ಭಯವಾಗಿ ನಿಜ ಹೇಳುವಂತಿರಬೇಕು. ತಪ್ಪಾದ ಮನುಷ್ಯ ಒಳಗೆ ಕುಳಿತಿರುವಷ್ಟು ಕಾಲ ಮೆಣಸು ಕದ್ದವನು ಹೊರಗೆ ಆರಾಮವಾಗಿರುತ್ತಾನೆ.

ಜೈಲಿನ ಅಧಿಕಾರಿಗಳ ಆತಂಕವೂ ಕಡೆಗಣಿಸುವಂಥದ್ದಲ್ಲ. ವಕೀಲರ ಹೆಸರಿನ ಲಕೋಟೆಯಲ್ಲಿ ಗಾಂಜಾ ಬಂದರೆ? ಸಾಕ್ಷಿಗಳನ್ನು ಬೆದರಿಸುವ ಸಂದೇಶ ಹೊರಟರೆ? ಈ ಪ್ರಶ್ನೆಯನ್ನು ಬೇರೆ ದೇಶಗಳೂ ಎದುರಿಸಿವೆ. ಅಮೆರಿಕದ ಸುಪ್ರೀಂ ಕೋರ್ಟು 1974ರಲ್ಲಿ ನೆಬ್ರಾಸ್ಕಾ ರಾಜ್ಯದ ಪ್ರಕರಣವೊಂದರಲ್ಲಿ, ವಕೀಲರಿಂದ ಬಂದ ಪತ್ರವನ್ನು ಕೈದಿಯ ಎದುರಿಗೇ ತೆರೆದು ನಿಷಿದ್ಧ ವಸ್ತುವಿದೆಯೇ ಎಂದು ನೋಡುವ ಪದ್ಧತಿಯನ್ನು ಒಪ್ಪಿತು. ಅಲ್ಲಿ ತೆರೆದು ನೋಡುವುದಿತ್ತೇ ಹೊರತು ಓದುವುದಿರಲಿಲ್ಲ. ಸ್ಕಾಟ್ಲೆಂಡಿನ ಕೈದಿಯೊಬ್ಬರ ಪ್ರಕರಣದಲ್ಲಿ 1992ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಒಳಗೆ ನಿಷಿದ್ಧ ವಸ್ತುವಿದೆಯೆಂದು ನಂಬಲು ಸಕಾರಣವಿದ್ದಾಗ ಮಾತ್ರ ತೆರೆಯಬಹುದು, ಆಗಲೂ ಓದಬಾರದು ಎಂದಿತು. ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್ 17ರಂದು ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 61ನೆಯದು, ವಕೀಲರೊಡನೆ ಕೈದಿಯ ಭೇಟಿ ಮತ್ತು ಸಂಪರ್ಕ ವಿಳಂಬ, ತಡೆ, ಪರಿಶೀಲನೆಗಳಿಲ್ಲದೆ ಪೂರ್ಣ ಗೌಪ್ಯತೆಯಿಂದ ನಡೆಯಬೇಕೆನ್ನುತ್ತದೆ. ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ, ಸ್ವತಃ ವಕೀಲರಾಗಿದ್ದ ಮನುಷ್ಯನ ಹೆಸರನ್ನು ಆ ನಿಯಮಗಳಿಗೆ ಇಟ್ಟಿರುವುದು ಅರ್ಥಪೂರ್ಣವಾಗಿದೆ. ಲಕೋಟೆಯನ್ನು ಕೈದಿಯ ಎದುರಿಗೆ ಒಡೆದು, ಕಾಗದವನ್ನು ಕೊಡವಿ, ಓದದೆ ಅವನ ಕೈಗಿತ್ತರೆ ಭದ್ರತೆಯೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ಸೆರೆಯಿಂದ ಬಂದ ಪತ್ರಗಳ ಮಕ್ಕಳು ನಾವು

ಪ್ರಿಯರೇ, ನಾವು ಬಲಿಪೂಜೆಯಲ್ಲಿ ಓದಿ ಆಲಿಸುವ ಸಂತ ಪೌಲರ ಕೆಲವು ಪತ್ರಗಳು ಸೆರೆಯಿಂದ ಹೊರಟವು ಎಂಬುದನ್ನು ಎಷ್ಟು ಸಲ ನೆನೆಯುತ್ತೇವೆ? ಅವುಗಳಲ್ಲಿ ಅತಿ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಒಡೆಯನನ್ನು ಅಗಲಿ ಹೋಗಿದ್ದ ದಾಸ ಒನೇಸಿಮನ ಪರವಾಗಿ, ಅವನನ್ನು ದಾಸನಂತಲ್ಲದೆ ಸಹೋದರನಂತೆ ಬರಮಾಡಿಕೊಳ್ಳಬೇಕೆಂದು ಪೌಲರು ಅದರಲ್ಲಿ ಬೇಡಿಕೊಳ್ಳುತ್ತಾರೆ. ರೋಮನ್ನರ ಕಾಲದಲ್ಲಿ ಓಡಿಹೋದ ದಾಸನಿಗೆ ಕಠಿಣ ಶಿಕ್ಷೆ ಕಾದಿರುತ್ತಿತ್ತು. ಆ ಪತ್ರ ಒಂದು ರೀತಿಯಲ್ಲಿ ವಕಾಲತ್ತೇ ಸರಿ. ಕಾವಲುಗಾರನೊಬ್ಬ ಅದನ್ನು ಒಡೆದೋದಿ ಅಧಿಕಾರಿಗಳಿಗೆ ಒಪ್ಪಿಸಿದ್ದರೆ ಒನೇಸಿಮನ ಗತಿ ಏನಾಗುತ್ತಿತ್ತು? ನಂಬಿಕಸ್ತರ ಕೈಯಲ್ಲಿ ಹೋದುದರಿಂದ ಅದು ಫಿಲೆಮೋನನ ಮನೆಯನ್ನು ಮುಟ್ಟಿತು, ಇಂದು ನಮ್ಮ ಮನೆಗಳನ್ನೂ ಮುಟ್ಟಿದೆ. ಸೆರೆಯಲ್ಲಿದ್ದ ಸ್ನಾನಿಕ ಯೊವಾನ್ನರು ತಮ್ಮ ಮನದ ಪ್ರಶ್ನೆಯನ್ನು ಯೇಸುಸ್ವಾಮಿಯ ಬಳಿಗೆ ಕಳುಹಿಸಿದ್ದೂ ನಂಬಿಕೆಯ ಶಿಷ್ಯರ ಮೂಲಕವೇ.

ನಾವು ಮಾಡಬಹುದಾದದ್ದು

ಇದನ್ನೆಲ್ಲ ಓದಿ ನಿಟ್ಟುಸಿರು ಬಿಟ್ಟರೆ ಸಾಲದು. ನಮ್ಮ ಧರ್ಮಕೇಂದ್ರಗಳಿಗೆ ಸಾಧ್ಯವಾಗುವ ಕೆಲವು ಸಂಗತಿಗಳಿವೆ. ಮೊದಲನೆಯದು ತಿಳಿವಳಿಕೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಹಕ್ಕಾಗಿ ದೊರೆಯುತ್ತದೆ. ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ, 15100 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಜೈಲುಗಳಲ್ಲಿರುವ ಕಾನೂನು ನೆರವು ಕೇಂದ್ರಗಳು ಹೆಸರಿಗಷ್ಟೇ ಉಳಿಯದೆ ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ಮತ್ತೆ ಸೂಚಿಸಿದೆ. ಈ ಒಂದು ಸಂಖ್ಯೆಯನ್ನು ದೇವಾಲಯದ ಸೂಚನಾ ಫಲಕದಲ್ಲಿ ಬರೆದಿಟ್ಟರೂ ಯಾವುದೋ ಲೈನ್ ಮನೆಯ ತಾಯಿಗೆ ದಾರಿ ಕಂಡೀತು.

ಎರಡನೆಯದು ಎಚ್ಚರ. ಸೆರೆಯಲ್ಲಿರುವ ಬಂಧುವಿಗೆ ಬರೆಯುವಾಗ ಪ್ರಕರಣದ ವಿವರಗಳನ್ನು ಕೇಳಬೇಡಿ, ಬರೆಯಬೇಡಿ. ಮನೆಯ ಸುದ್ದಿ, ಊರ ಸುದ್ದಿ, ಪ್ರಾರ್ಥನೆಯ ಭರವಸೆ ಬರೆಯಿರಿ. ಪ್ರಕರಣದ ಮಾತನ್ನು ವಕೀಲರ ಮುಖಾಮುಖಿ ಭೇಟಿಗೆ ಬಿಡಿ. ಸಾಧ್ಯವಾದರೆ ವಕೀಲರು ಜೈಲಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ಭರಿಸಿ. ಅದೂ ಸೆರೆಯಲ್ಲಿರುವವರನ್ನು ಸಂದರ್ಶಿಸುವ ಒಂದು ಬಗೆಯೇ. ವಕೀಲರಿಗೆ ಅಂಚೆಯಲ್ಲಿ ಕಳುಹಿಸಲೇಬೇಕಾದಾಗ ಲಕೋಟೆಯ ಮೇಲೆ ವಕೀಲರ ಪೂರ್ಣ ಹೆಸರು, ವಿಳಾಸ ಮತ್ತು 'ವಕೀಲರಿಗೆ, ಗೌಪ್ಯ' ಎಂಬ ಮಾತನ್ನು ಸ್ಪಷ್ಟವಾಗಿ ಬರೆಯುವಂತೆ ಕೈದಿಗೆ ತಿಳಿಸಬಹುದು. ಪತ್ರ ತಲುಪದಿದ್ದರೆ ಅಥವಾ ದುರುಪಯೋಗವಾಗಿದೆಯೆಂದು ಅನಿಸಿದರೆ ಆ ವಿಷಯವನ್ನು ವಕೀಲರ ಮೂಲಕ ನ್ಯಾಯಾಧೀಶರ ಗಮನಕ್ಕೆ ತರುವ ದಾರಿ ಎಂದಿಗೂ ತೆರೆದಿದೆ.

ಮೂರನೆಯದು ನಮ್ಮ ನಾಲಿಗೆಯ ಸಂಯಮ. ಲಕೋಟೆಗಳನ್ನು ಒಡೆಯುವವರು ಜೈಲಿನಲ್ಲಿ ಮಾತ್ರ ಇದ್ದಾರೆಯೇ? ಒಂದು ಮನೆಯ ಹುಡುಗ ಬಂಧಿತನಾದನೆಂಬ ಸುದ್ದಿ ತಿಳಿದೊಡನೆ ದೇವಾಲಯದ ಅಂಗಳದಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಅವನ ಕಥೆಯನ್ನು ಬಿಚ್ಚಿ ಓದುವವರು ನಾವೇ ಅಲ್ಲವೇ? ಗುಟ್ಟನ್ನು ಕಾಯಬೇಕೆಂದು ಜೈಲಿನ ಅಧಿಕಾರಿಯನ್ನು ಕೇಳುವ ಮುನ್ನ ನಾವು ಅದನ್ನು ಕಾಯಲು ಕಲಿಯಬೇಕು. ಮುಂದಿನ ಭಾನುವಾರ ಯಾರಾದರೊಬ್ಬ ತಾಯಿ ಸೆರಗಿನ ತುದಿಯನ್ನು ಬಿಚ್ಚಿ ಕಾಗದವೊಂದನ್ನು ನಿಮ್ಮ ಕೈಗಿಟ್ಟರೆ, ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಓದಿ ಹೇಳಿ. ಮಡಚಿ ಅವರ ಕೈಗೇ ಹಿಂದಿರುಗಿಸಿ. ಅದರಲ್ಲಿದ್ದುದನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋಗಿ.